ಶಾರ್ತ್ರ್ ಮಾತೆಯ ಸೆರಗು: ದರ್ಶನಕ್ಕೆ ಹೊರಡುವ ಮುನ್ನ

ಫ್ರಾನ್ಸಿನ ಶಾರ್ತ್ರ್ ಊರಿನ ಪ್ರಧಾನಾಲಯದಲ್ಲಿರುವ ಮರಿಯಮ್ಮನವರ ವಸ್ತ್ರವನ್ನು ಜನ ಎಂಟುನೂರು ವರ್ಷ ಅಂಗಿ ಎಂದೇ ಕರೆದರು. ಶಾರ್ಲ್‌ಮೇನ್ ಚಕ್ರವರ್ತಿಯ ಮೊಮ್ಮಗ ರಾಜ ಶಾರ್ಲ್ 876ರಲ್ಲಿ ಕೊಟ್ಟದ್ದು, ಯೇಸುಬಾಲರು ಹುಟ್ಟಿದ ರಾತ್ರಿ ಮಾತೆ ಉಟ್ಟಿದ್ದು ಎಂಬ ನಂಬಿಕೆ. ಪೆಟ್ಟಿಗೆ ಮುಚ್ಚಿಯೇ ಇರುತ್ತಿತ್ತು. 1712ರಲ್ಲಿ ತೆರೆದಾಗ ಒಳಗೆ ಕಂಡದ್ದು ಅಂಗಿಯಲ್ಲ, ಉದ್ದನೆಯ ರೇಷ್ಮೆ. ಉದ್ದ 5.35 ಮೀಟರ್, ಅಗಲ ಒಂದು ಮೊಳ. ಆ ಉದ್ದ ಎಷ್ಟೆಂದು ನಮ್ಮ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ; ಹೆಚ್ಚುಕಡಿಮೆ ಒಂದು ಸೀರೆಯಷ್ಟು. ಸೆಪ್ಟೆಂಬರ್ 8ರಂದು ಶಿವಾಜಿನಗರದ ಬೆಸಿಲಿಕಾದಲ್ಲಿ ಸೀರೆಯುಟ್ಟು ತೇರೇರುವ ತಾಯಿಯನ್ನು ಕಂಡ ಕಣ್ಣಿಗೆ ಈ ಅಳತೆಯೊಂದೇ ಸಾಕು, ಗಂಟಲು ಕಟ್ಟುತ್ತದೆ.

ಆದ್ದರಿಂದ ಶಾರ್ತ್ರ್‌ಗೆ ಹೋಗುವ ಗುಂಪಿನವರು ದಿನದ ಲೆಕ್ಕವನ್ನು ಈ ಬಟ್ಟೆಯಿಂದಲೇ ಶುರುಮಾಡಬೇಕು. ಉಳಿದದ್ದೆಲ್ಲ ಅದರ ಸುತ್ತ ಬರುತ್ತದೆ. ಆ ದೇವಾಲಯ ಎದ್ದದ್ದೂ ಹಾಗೆಯೇ. 1194ರ ಜೂನ್ 10ರ ರಾತ್ರಿ ಊರಿಗೆ ಬೆಂಕಿ ಬಿದ್ದು ದೇವಾಲಯ ಉರಿದುಹೋಯಿತು, ವಸ್ತ್ರವೂ ಬೂದಿಯಾಯಿತೆಂದು ಜನ ಎದೆ ಬಡಿದುಕೊಂಡರು. ಮೂರನೆಯ ದಿನ ನೆಲಮಾಳಿಗೆಯಿಂದ ಗುರುಗಳು ಪೆಟ್ಟಿಗೆ ಹೊತ್ತು ಹೊರಬಂದರು. ತಾಯಿ ಇನ್ನೂ ದೊಡ್ಡ ಮನೆ ಬೇಕೆನ್ನುತ್ತಿದ್ದಾಳೆ ಎಂದುಕೊಂಡ ಊರು ಮತ್ತೆ ಕಟ್ಟಲು ನಿಂತಿತು. ಮೂವತ್ತು ವರ್ಷ ತುಂಬುವ ಹೊತ್ತಿಗೆ 37 ಮೀಟರ್ ಎತ್ತರದ ಕಮಾನು ಮುಗಿಯುತ್ತ ಬಂದಿತ್ತು. 1260ರಲ್ಲಿ ಅಭಿಷೇಕ.

ಪ್ಯಾರಿಸ್‌ನ ಮೊಂಪರ್ನಾಸ್ ನಿಲ್ದಾಣದಿಂದ ಶಾರ್ತ್ರ್‌ಗೆ ರೈಲಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು. ಪ್ಲಾಟ್‌ಫಾರ್ಮ್ ಸಂಖ್ಯೆ ಹಲಗೆಯ ಮೇಲೆ ಕಾಣುವುದು ಹೊರಡಲು ಇಪ್ಪತ್ತು ನಿಮಿಷವಷ್ಟೇ ಇದ್ದಾಗ. ನಿಲ್ದಾಣ ದೊಡ್ಡದು, ಹಿರಿಯರಿರುವ ಗುಂಪು ಅಲ್ಲೇ ಚದುರುವುದು. ಶಾರ್ತ್ರ್‌ನಲ್ಲಿ ಇಳಿದರೆ ಹತ್ತು ನಿಮಿಷದ ಏರುದಾರಿ. ದೇವಾಲಯದೊಳಗೆ ಹೋಗಲು ಹಣವಿಲ್ಲ; ನೆಲಮಾಳಿಗೆ ಮತ್ತು ಗೋಪುರಕ್ಕೆ ಟಿಕೆಟ್ ಉಂಟು.

ವಾರ ಆರಿಸುವಾಗ ಭಾನುವಾರದ ಬೆಳಿಗ್ಗೆಯನ್ನು ಮಾರ್ಗದರ್ಶಿಗೆ ಕೊಡಬೇಡಿ. ಬಲಿಪೂಜೆ ನಡೆಯುವಾಗ ಗುಂಪುಗಳನ್ನು ಒಳಗೆ ತಿರುಗಲು ಬಿಡುವುದಿಲ್ಲ, ಬಿಡಲೂಬಾರದು. ಪೂಜೆಗೆ ಕೂರುವುದಾದರೆ ಭಾನುವಾರವೇ ಒಳ್ಳೆಯದು. ಮಾರ್ಗದರ್ಶನವನ್ನು ಮಧ್ಯಾಹ್ನಕ್ಕೆ ದೂಡಿ. ದೇವಾಲಯದ ನೆಲದ ಕಲ್ಲಿನಲ್ಲೇ ಬಿಡಿಸಿದ ಸುತ್ತುದಾರಿಯಲ್ಲಿ (ಲ್ಯಾಬಿರಿಂತ್) ಪ್ರಾರ್ಥಿಸುತ್ತ ನಡೆಯುವ ಆಸೆಯಿದ್ದರೆ ಶುಕ್ರವಾರ ಹೋಗಬೇಕು. ತಪಸ್ಸುಕಾಲದಿಂದ ಸಕಲ ಸಂತರ ಹಬ್ಬದವರೆಗೆ ಸಾಮಾನ್ಯವಾಗಿ ಶುಕ್ರವಾರ ಮಾತ್ರ ಅದರ ಮೇಲಿನ ಕುರ್ಚಿಗಳನ್ನು ತೆಗೆಯುತ್ತಾರೆ. ಇದು ಗೊತ್ತಿಲ್ಲದೆ ಮಂಗಳವಾರ ಬಂದವರು ಕುರ್ಚಿಕಾಲುಗಳ ನಡುವೆ ಕಲ್ಲಿನ ಗೆರೆ ಹುಡುಕುತ್ತ ನಿಲ್ಲುತ್ತಾರೆ. ಸುತ್ತುದಾರಿಯ ಅಡ್ಡಳತೆ ಸುಮಾರು 12.9 ಮೀಟರ್, ನಡೆಯುವ ದೂರ 260 ಮೀಟರ್ ಚಿಲ್ಲರೆ. ಹನ್ನೊಂದು ಸುತ್ತು. ಇದು ಚಕ್ರವ್ಯೂಹವಲ್ಲ, ಕವಲಿಲ್ಲ, ತಪ್ಪುವ ಹಾದಿ ಇಲ್ಲ. ಒಂದೇ ದಾರಿಯಾದ್ದರಿಂದ ನಡುವೆ ಮುಟ್ಟಿ ಮರಳುವವರು ಎದುರಾಗುತ್ತಾರೆ, ಪಕ್ಕಕ್ಕೆ ಸರಿದು ದಾರಿ ಬಿಟ್ಟು ಮತ್ತೆ ಅದೇ ಗೆರೆಗೆ ಬರಬೇಕು. ಜಪಸರ ಹಿಡಿದು ನಿಧಾನ ನಡೆದರೆ ಅರ್ಧ ಗಂಟೆ.

ಬೆಳಕಿನ ಲೆಕ್ಕ ತಪ್ಪಿದರೆ ಮಾತ್ರ ಇಡೀ ಯಾತ್ರೆ ಸಪ್ಪೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಗಾಜುಗಳು ಕಪ್ಪಾಗತೊಡಗುತ್ತವೆ. ಕಲ್ಲಿನ ಚಳಿ ಬೇರೆ, ಕಾಲುಚೀಲದೊಳಗೂ ಏರುತ್ತದೆ. ಪೀಠದ ಹಿಂಬದಿಯ ಕಿಟಕಿಗಳಿಗೆ ಬೆಳಿಗ್ಗೆ, ದಕ್ಷಿಣದವಕ್ಕೆ ನಡುಹಗಲು, ಪಡುವಣ ಬಾಗಿಲ ಮೇಲಿನ ಮೂರಕ್ಕೆ ಇಳಿಹೊತ್ತು. ಆ ಮೂರೂ 1194ರ ಬೆಂಕಿಯಲ್ಲಿ ಉಳಿದವು, 12ನೆಯ ಶತಮಾನದ ನಡುಭಾಗದವು. ದಕ್ಷಿಣ ಬದಿಯ ನೀಲಿ ಮಾತೆಯೂ ಬೆಂಕಿ ದಾಟಿ ಬಂದವಳೇ. ಕೆಂಪು ಹಿನ್ನೆಲೆಯಲ್ಲಿ ಕುಳಿತ ಅವಳ ಉಡುಪಿನ ತಿಳಿನೀಲಿಯನ್ನು ಫೋಟೋದಲ್ಲಿ ಹಿಡಿಯಲು ಹೋದವರಿಗೆ ಸಿಗುವುದು ಬಿಳಿ ಮಚ್ಚೆ. ಫೋನಿನ ಪರದೆಯಲ್ಲಿ ಗಾಜಿನ ಮೇಲೆ ಬೆರಳೊತ್ತಿ ಬೆಳಕು ತಗ್ಗಿಸಬೇಕು. ಇಲ್ಲವೆ ಫೋನನ್ನು ಚೀಲಕ್ಕೆ ಹಾಕಿ ದುರ್ಬೀನು ತೆಗೆಯಬೇಕು. ದುರ್ಬೀನಿಲ್ಲದೆ ಮೇಲಿನ ಗಾಜು ಬರಿಯ ಬಣ್ಣ, ಕಥೆಯಲ್ಲ.

ಕಿಟಕಿಗಳು 176, ಗಾಜು ಸುಮಾರು 2,600 ಚದರ ಮೀಟರ್. ಒಂದು ಗಂಟೆಯ ಮಾರ್ಗದರ್ಶನದಲ್ಲಿ ಇಪ್ಪತ್ತು ಕಿಟಕಿ ತೋರಿಸಿ ಎಂದರೆ ಒಂದೂ ಉಳಿಯುವುದಿಲ್ಲ. ಮಾಲ್ಕಮ್ ಮಿಲ್ಲರ್ ಎಂಬ ಇಂಗ್ಲಿಷರು 1958ರಲ್ಲಿ ಇಲ್ಲಿ ಮಾರ್ಗದರ್ಶಿಯಾಗಿ ನಿಂತವರು ದಶಕಗಟ್ಟಲೆ ಇದನ್ನೇ ಓದಿ ಹೇಳಿದರು; ಒಂದು ಜನ್ಮಕ್ಕಾಗುವಷ್ಟು ಓದು ಅಲ್ಲಿದೆ. ಕಾದಿರಿಸುವಾಗಲೇ ಬರೆದು ತಿಳಿಸಿ: ನಾವು ಪ್ರಾರ್ಥನೆಗೆ ಬರುವವರು, ಬೈಬಲ್ ಕಥೆ ಗೊತ್ತು, ಎರಡು ಕಿಟಕಿ ಸಾಕು, ಅವನ್ನು ಬುಡದಿಂದ ತುದಿಯವರೆಗೆ ಓದಿಸಿ. ಗುಂಪು ದೊಡ್ಡದಾದರೆ ಕಿವಿಗೆ ಹಾಕುವ ಯಂತ್ರ ಬೇಕೇ ಎಂದೂ ಆಗಲೇ ಕೇಳಿಕೊಳ್ಳಿ, ಒಳಗೆ ದನಿಯೆತ್ತಿ ಮಾತಾಡುವ ಹಾಗಿಲ್ಲ.

ಎರಡರಲ್ಲಿ ಒಂದು ದಯಾಳು ಸಮಾರಿಯನ ಕಿಟಕಿಯಾಗಲಿ. ಓದುವುದು ಕೆಳಗಿನಿಂದ ಮೇಲಕ್ಕೆ, ಎಡದಿಂದ ಬಲಕ್ಕೆ. ಮೊದಲಿಗೆ ನಮ್ಮ ಕಣ್ಣು ಒಪ್ಪುವುದಿಲ್ಲ. ತೀರ ಕೆಳಗೆ ಸಂತರಿಲ್ಲ, ಮೋಚಿಗಳಿದ್ದಾರೆ. ಚರ್ಮ ಕತ್ತರಿಸುತ್ತಿದ್ದಾರೆ, ಜೋಡು ಹೊಲಿಯುತ್ತಿದ್ದಾರೆ, ಕೊನೆಗೆ ಈ ಕಿಟಕಿಯನ್ನೇ ದೇವರಿಗೆ ಒಪ್ಪಿಸುತ್ತಿದ್ದಾರೆ. ಅದರ ಮೇಲೆ ಜೆರುಸಲೇಮಿನಿಂದ ಹೊರಟ ದಾರಿಹೋಕ, ಕಳ್ಳರು, ಗಾಯ, ಸಮಾರಿಯ. ಕಥೆ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೂ ಮೇಲೆ ಆದಾಮನೂ ಏವಳೂ! ಇಲ್ಲೇ ಮಾರ್ಗದರ್ಶಿ ಸ್ವಲ್ಪ ಸುಮ್ಮನಿರಬೇಕು. ದಾರಿಯಲ್ಲಿ ಬಿದ್ದವನು ಆದಾಮ, ಎತ್ತಿಕೊಂಡು ಹೋದವರು ಯೇಸುಸ್ವಾಮಿ ಎಂಬುದು ನೋಡುವವರಿಗೆ ತಾನಾಗಿ ಹೊಳೆಯಲಿ.

ಪಡುವಣ ಬಾಗಿಲಲ್ಲಿ ಹತ್ತು ನಿಮಿಷ ಸಾಕು. ಎಡಬಾಗಿಲ ಕಮಾನಿನಲ್ಲಿ ರಾಶಿಗಳನ್ನು ಎಣಿಸಿದರೆ ಹತ್ತೇ ಸಿಗುತ್ತವೆ. ಜಾಗ ಸಾಲದೆ ಮೀನ, ಮಿಥುನಗಳು ಬಲಬಾಗಿಲಿಗೆ ಹೋಗಿ ವಿದ್ಯಾದೇವಿಯರ ನಡುವೆ ಕುಳಿತಿವೆ. ಅಲ್ಲೇ ವ್ಯಾಕರಣ ಎಂಬಾಕೆ ಇಬ್ಬರು ಹುಡುಗರ ಮೇಲೆ ಬೆತ್ತ ಹಿಡಿದಿದ್ದಾಳೆ. ನಮ್ಮ ಮೇಷ್ಟ್ರುಗಳಿಗೆ ಇದನ್ನು ಖಂಡಿತ ತೋರಿಸಬೇಕು.

ನೆಲಮಾಳಿಗೆಗೆ ಮಾರ್ಗದರ್ಶಿಯಿಲ್ಲದೆ ಪ್ರವೇಶವಿಲ್ಲ. ಧರ್ಮಾಧ್ಯಕ್ಷ ಫುಲ್ಬೇರ್ 11ನೆಯ ಶತಮಾನದಲ್ಲಿ ಕಟ್ಟಿಸಿದ ಆ ಉದ್ದನೆಯ ಓಣಿಯಲ್ಲಿ 33 ಮೀಟರ್ ಆಳದ ಬಾವಿಯಿದೆ, ಭೂಗರ್ಭ ಮಾತೆಯ ಪೀಠವಿದೆ. ಹಳೆಯ ವಿಗ್ರಹವನ್ನು 1793ರಲ್ಲಿ ಫ್ರೆಂಚ್ ಕ್ರಾಂತಿಯವರು ಸುಟ್ಟರು, ಈಗಿರುವುದು 1976ರದು. ಮೆಟ್ಟಿಲೂ ಮಬ್ಬೂ ಇರುವುದರಿಂದ ಮಂಡಿನೋವಿನವರನ್ನು ಮೇಲೆಯೇ ಕಂಬದ ಮಾತೆಯ ಮುಂದೆ ಕೂರಿಸಿ ಹೋಗುವುದು ಲೇಸು.

ಆ ಕಂಬದ ಮಾತೆಯ ಬಗ್ಗೆ ಒಂದು ಕೊರಗು. 16ನೆಯ ಶತಮಾನದ ಆ ಮರದ ವಿಗ್ರಹ ಕಪ್ಪುಮಾತೆ ಎಂದೇ ಹೆಸರಾಗಿತ್ತು. ಇತ್ತೀಚಿನ ದುರಸ್ತಿಯಲ್ಲಿ ಕಪ್ಪು ತೆಗೆದು ಹಳೆಯ ಬಣ್ಣ ತಂದರು, ಗೋಡೆಗಳಿಗೂ ತಿಳಿಬಣ್ಣ ಬಂತು. 13ನೆಯ ಶತಮಾನದಲ್ಲಿ ಗೋಡೆ ಹೀಗೆಯೇ ಇತ್ತೆಂದು ದುರಸ್ತಿ ಮಾಡಿದವರ ವಾದ, ಇರಬಹುದು. ಆದರೆ ತಲೆಮಾರುಗಳ ಜನ ಮೇಣದಬತ್ತಿ ಹಚ್ಚಿ ಬೇಡಿಕೊಂಡದ್ದು ಆ ಕಪ್ಪು ಮುಖದೆದುರು. ಅದನ್ನು ಬರಿಯ ಮಸಿ ಎನ್ನಲು ಮನಸ್ಸು ಬಾರದು. ಈಗ ಅವಳೆದುರು ಮೊಣಕಾಲೂರುವವರಿಗಿಂತ ಅವಳಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವವರೇ ಹೆಚ್ಚು.

ಹಿಂದಿನವರು ಇಲ್ಲಿ ಮಲಗುತ್ತಿದ್ದರು. ನೆಲ ಬಾಗಿಲಿನತ್ತ ತುಸು ಇಳಿಜಾರಾಗಿದೆ, ಯಾತ್ರಿಕರು ಎದ್ದುಹೋದ ಮೇಲೆ ನೀರು ಸುರಿದು ತೊಳೆಯಲು ಎನ್ನುತ್ತಾರೆ. 1912ರಲ್ಲಿ ಕವಿ ಶಾರ್ಲ್ ಪೆಗಿ ಮಗನ ಕಾಯಿಲೆಗಾಗಿ ಮೂರು ದಿನದಲ್ಲಿ 144 ಕಿಲೋಮೀಟರ್ ನಡೆದು ಬಂದರು. ಇಂದಿಗೂ ಪಂಚಾಶತ್ತಮ ಹಬ್ಬಕ್ಕೆ ಪ್ಯಾರಿಸ್‌ನಿಂದ ಸಾವಿರಾರು ಜನ ನಡೆದು ಬರುತ್ತಾರೆ. ಆ ವಾರಾಂತ್ಯಕ್ಕೆ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳುವುದು ದಂಡ, ಊರೆಲ್ಲ ಅವರದೇ.

ವಸ್ತ್ರವನ್ನು ಕೊನೆಗಿಟ್ಟುಕೊಳ್ಳಿ, ಮಾರ್ಗದರ್ಶಿಯನ್ನು ಬೀಳ್ಕೊಟ್ಟ ಮೇಲೆ. ಕ್ರಾಂತಿಯಲ್ಲಿ ತುಂಡಾದದ್ದರಲ್ಲಿ ಉಳಿದ ದೊಡ್ಡ ಚೂರು ಎರಡು ಮೀಟರಿನಷ್ಟು, ಪೀಠದ ಸುತ್ತಣ ಹಾದಿಯ ಒಂದು ಪ್ರಾರ್ಥನಾಲಯದಲ್ಲಿ ಗಾಜಿನ ಹಿಂದಿದೆ. ಕೆನೆಬಣ್ಣ, ಕಸೂತಿಯಿಲ್ಲ, ಜರಿಯಿಲ್ಲ. ಹಿಂದೆ ಫ್ರಾನ್ಸಿನ ಬಸುರಿ ರಾಣಿಯರು ಈ ಪೆಟ್ಟಿಗೆಗೆ ಮುಟ್ಟಿಸಿದ ಅಂಗಿ ತರಿಸಿ ಹೆರಿಗೆಗೆ ತೊಡುತ್ತಿದ್ದರು. ಜನ ಸೀಸದ ಪುಟ್ಟ ಅಂಗಿಬಿಲ್ಲೆ ಕೊಂಡು ಎದೆಗೆ ಸಿಕ್ಕಿಸಿಕೊಂಡು ಊರಿಗೆ ಮರಳುತ್ತಿದ್ದರು. ಗುಂಪಿನಲ್ಲಿ ಮಗಳ ಹೆರಿಗೆಗೆಂದು ಹರಕೆ ಹೊತ್ತವರು ಇದ್ದೇ ಇರುತ್ತಾರೆ. ಐದು ರಹಸ್ಯದ ಜಪಸರಕ್ಕೆ ಇಪ್ಪತ್ತು ನಿಮಿಷ ಬೇಕು. ಅದನ್ನು ದಿನದ ಪಟ್ಟಿಯಲ್ಲಿ ಗಂಟೆ ಹಾಕಿ ಬರೆದಿಡಿ, ಇಲ್ಲವಾದರೆ ಗೋಪುರ ಹತ್ತಲು ಹೊರಟವರು ಆ ಇಪ್ಪತ್ತು ನಿಮಿಷವನ್ನೂ ತಿಂದುಬಿಡುತ್ತಾರೆ.