ಸ್ಲ್ಯಾಬಿನ ಕೆಳಗಿನ ತೋಡು

ಕಾಸರಗೋಡು
2025 ಜೂನ್ 22, ಭಾನುವಾರ

ಇಂದು ಆರಿದ್ರಾ ಮಳೆ ಹುಟ್ಟುವ ದಿನ. ಈ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟದ್ದರಿಂದ ಆರಿದ್ರಾದ ಗತ್ತೆಲ್ಲ ಮೊದಲೇ ಖರ್ಚಾಗಿರಬೇಕು ಎಂದುಕೊಂಡಿದ್ದೆ. ಬೆಳಗ್ಗೆ ಸ್ವಲ್ಪ ಬಿಸಿಲೂ ಇತ್ತು. ಅದನ್ನು ನಂಬಿ ಹೊರಟೆವು.

ನಿನ್ನೆ ರಾತ್ರಿ ಅಕ್ಕನ ಮಗನಿಗೆ ಈವ್ ಮೋಶರ್ ಎಂಬ ಕಲಾವಿದೆಯ ಕತೆ ಹೇಳಿದ್ದೆ. 2007ರಲ್ಲಿ ಆಕೆ ಆಟದ ಮೈದಾನಕ್ಕೆ ಗೆರೆ ಹಾಕುವ ಗಾಡಿಯನ್ನು ತಳ್ಳಿಕೊಂಡು ನ್ಯೂಯಾರ್ಕಿನ ಬೀದಿಗಳಲ್ಲಿ ನೀಲಿ ಸೀಮೆಸುಣ್ಣದ ಗೆರೆ ಎಳೆಯುತ್ತ ಹೋದಳು. ಸಮುದ್ರಮಟ್ಟದಿಂದ 10 ಅಡಿ ಎತ್ತರದ ಗೆರೆ, ಉದ್ದ ಸುಮಾರು 70 ಮೈಲಿ. ಪ್ರವಾಹ ಬಂದರೆ ನೀರು ಎಲ್ಲಿಯವರೆಗೆ ಏರೀತು ಎಂಬುದಕ್ಕೆ ಗುರುತು, ಅಷ್ಟೇ. ದಾರಿಹೋಕರು ಏನಿದು ಎಂದು ಕೇಳಿದರೆ ನಿಂತು ಹೇಳುತ್ತಿದ್ದಳು. ನನ್ನನ್ನು ಕೇಳಿದರೆ ಆ ಮಾತುಕತೆಯೇ ಕಲಾಕೃತಿ, ಗೆರೆ ಬರೀ ನೆಪ. ಐದು ವರ್ಷ ಕಳೆದು ಸ್ಯಾಂಡಿ ಚಂಡಮಾರುತ ಬಂದಾಗ ಸಮುದ್ರ ಆ ಊರಿನ ಬೀದಿಗಳಿಗೆ ನಿಜವಾಗಿಯೂ ನುಗ್ಗಿತು.

"ನಾವೂ ಎಳೆಯೋಣವೇ ಮಾವ?" ಎಂದ ಹುಡುಗ.

ನಮ್ಮ ಚೆರುವತ್ತೂರಿನ ಕಡೆಯವರೇ ಆದ ಶಿಲ್ಪಿ ಕಾನಾಯಿ ಕುಂಞಿರಾಮನ್ ತಿರುವನಂತಪುರದ ಶಂಖುಮುಖಂ ಕಡಲತೀರದಲ್ಲಿ ಮಲಗಿಸಿದ ಜಲಕನ್ಯೆಯನ್ನು ನೋಡಲು ಜನ ಬರುತ್ತಾರೆ, ಬರಲೇಬೇಕು. ಆದರೆ ಅಲ್ಲಿ ಕಡಲು ಎದುರಿಗೇ ಇದೆ. ನಮ್ಮ ಓಣಿಯ ನೀರು ಕಾಣುವುದೇ ಇಲ್ಲ. ಡ್ರಾಯಿಂಗ್ ಮಾಸ್ತರನಾಗಿ ಎಷ್ಟು ವರ್ಷ ದುಡಿದರೂ ಮಕ್ಕಳು ಬರೆದದ್ದು ಒಂದೇ ಹೊಳೆ: ಎರಡು ಗುಡ್ಡ, ನಡುವೆ ಸೂರ್ಯ, ಅಲ್ಲಿಂದ ಇಳಿಯುವ ನೀಲಿ ಪಟ್ಟಿ. ಅದಕ್ಕೆ ಅಂಕ ಕೊಟ್ಟವನೂ ನಾನೇ.

ಉಳಿದಿದ್ದ ಸೀಮೆಸುಣ್ಣವನ್ನು ಕುಟ್ಟಿ, ನೀಲಿ ರಂಗೋಲಿ ಪುಡಿ ಬೆರೆಸಿದೆವು. ಎಳೆಯಬೇಕಾದದ್ದು ಪ್ರವಾಹದ ಗೆರೆಯನ್ನಲ್ಲ, ಓಣಿಯ ಹಳೆಯ ತೋಡನ್ನು, ಎಂದರೆ ಇಲ್ಲಿ ಹರಿಯುತ್ತಿದ್ದ ಸಣ್ಣ ಹಳ್ಳವನ್ನು. ಮಧೂರಿನವರಿಗೆ ಇಂಥ ಗೆರೆ ಬೇಡ, ಜೋರು ಮಳೆಗೆ ಅಲ್ಲಿನ ಹೊಳೆ ಮಧುವಾಹಿನಿ ತಾನೇ ದೇವಸ್ಥಾನದ ಅಂಗಳಕ್ಕೆ ಬಂದು ಗುರುತು ಹೇಳಿ ಹೋಗುತ್ತಾಳೆ. ನಮ್ಮ ತೋಡಿಗೆ ಸ್ಲ್ಯಾಬು ಬಿದ್ದ ಮೇಲೆ ಅದರ ಹೆಸರೂ ಚರಂಡಿ ಎಂದಾಯಿತು. ಅಡಿಕೆ ಮರದ ಸಂಕ ದಾಟಿ ಶಾಲೆಗೆ ಹೋದವನು ನಾನು. ಆದರೂ ಎರಡನೆಯ ತಿರುವು ಎಲ್ಲಿತ್ತು ಎಂದು ನೆನಪಾಗಲಿಲ್ಲ.

ನೆನಪಿದ್ದದ್ದು ಎದುರುಮನೆಯ ಅಜ್ಜಿಗೆ. ಮಳೆ ಬಿಟ್ಟ ಮೇಲೆ ಗಂಡಸರು ಕಲ್ಲು, ಮಣ್ಣು, ಸೊಪ್ಪು ತುಂಬಿ ಕಟ್ಟ ಕಟ್ಟುತ್ತಿದ್ದ ಜಾಗ, ಕಟ್ಟದ ನೀರಿನಿಂದ ಬೇಸಗೆಯಲ್ಲೂ ಬತ್ತದಿದ್ದ ಬಾವಿ, ಬಟ್ಟೆ ಒಗೆಯುವ ಕಲ್ಲು, ಎಲ್ಲವನ್ನೂ ಊರುಗೋಲಿನಿಂದ ತೋರಿಸುತ್ತ ನಡೆದರು. ಕಲ್ಲಿದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಅಂಗಡಿಯ ಹುಡುಗ ನಮ್ಮನ್ನು ಕಂಡು ಸ್ಟೂಲಿನಿಂದ ಎದ್ದು ತನ್ನ ಕಾಲಬುಡ ನೋಡಿಕೊಂಡ.

ನಮ್ಮ ಹುಡುಗ ಗೆರೆಯನ್ನು ಮೂರನೆಯ ಮನೆಯ ಗೇಟಿನವರೆಗೆ ತಂದಾಗ ಯಜಮಾನರು ಹೊರಗೆ ಬಂದರು.

"ಮಾಸ್ಟ್ರೇ, ಇದು ನಮ್ಮ ಕಾರ್ ಶೆಡ್ಡಿನ ಕೆಳಗೆ ಯಾಕೆ ಹೋಗುತ್ತದೆ?"

"ತೋಡು ಹೋಗುತ್ತದಲ್ಲ."

"ನಾಳೆ ಜಾಗ ನೋಡಲು ಜನ ಬರುವವರಿದ್ದಾರೆ. ಒಂದು ಉಪಕಾರ ಮಾಡಿ, ಉಜ್ಜಿಬಿಡಿ."

ಅವರ ಮೇಲೆ ಸಿಟ್ಟು ಬರಲಿಲ್ಲ. ಒಂದು ಗೆರೆಗೆ ಇಷ್ಟು ಬೆದರಿದವರನ್ನು ಕಂಡು, ಸುಳ್ಳೇಕೆ, ಒಳಗೊಳಗೆ ಹೆಮ್ಮೆಯೇ ಆಯಿತು. ಪೊರಕೆ ಹುಡುಕುವ ಕಷ್ಟವೂ ಬರಲಿಲ್ಲ. ಪಡುವಣದಲ್ಲಿ ಕಪ್ಪಿಟ್ಟಿತು, ಆರಿದ್ರಾ ಒಮ್ಮೆಲೇ ಸುರಿಯಿತು. ಎರಡು ಗಂಟೆಯ ಕೆಲಸ ಐದು ನಿಮಿಷದಲ್ಲಿ ಕರಗಿ, ಶೆಡ್ಡಿನತ್ತಲೇ ಹರಿದು, ಸ್ಲ್ಯಾಬಿನ ಸಂದಿಯಲ್ಲಿ ಗುಳುಗುಳು ಇಳಿಯಿತು.

"ಎಲ್ಲಿ ಹೊರಗೆ ಬರುತ್ತದೆ?" ಎನ್ನುತ್ತ ಹುಡುಗ ಓಡಿದ. ಕೊಡೆ ಹಿಡಿದು ನಾನೂ ಹಿಂದೆ ಹೋದೆ. ಕೊನೆಯ ಕಂಪೌಂಡಿನ ಆಚೆ ಅಡಿಕೆ ತೋಟದಲ್ಲಿ, ಒಂದು ಸಿಮೆಂಟ್ ಪೈಪಿನ ಬಾಯಿಯಿಂದ ನೀರು ಧುಮುಕುತ್ತಿತ್ತು. ಅವನು ನೀಲಿ ಕಂಡಿತು ಎಂದ. ನನಗೆ ಕಂಡದ್ದು ಕೆಂಪು ಮಣ್ಣಿನ ನೀರು. ಮನೆಗೆ ಬಂದು ತಲೆ ಒರೆಸಿಕೊಳ್ಳುವಾಗಲೂ ಆ ವಾದ ಮುಗಿದಿರಲಿಲ್ಲ.