ಡೀಸೆಲ್ ಹಾಕಿದರೆ ಕಮ್ಮಿಯಾಗುವ ದೋಣಿ

2024 ಜೂನ್ 16, ಭಾನುವಾರ, ಗಂಗೊಳ್ಳಿ

ಬೆಳಿಗ್ಗೆಯಿಂದ ಒಂದೇ ಸಮ ಮಳೆ. ಮೀನುಗಾರಿಕೆಗೆ ರಜೆ ಶುರುವಾಗಿ ಹದಿನಾರು ದಿನ ಆಯಿತು. ಜುಲೈ 31ರವರೆಗೆ ಬಂದರಿನಲ್ಲಿ ದೊಡ್ಡ ಬೋಟುಗಳೆಲ್ಲ ಒಂದಕ್ಕೊಂದು ಒರಗಿಕೊಂಡು ನಿಂತಿರುತ್ತವೆ. ನಮ್ಮದು ಮೀನಿನ ಬೋಟಲ್ಲ. ಭಾವನ ಹತ್ತು ಸೀಟಿನ ಫೈಬರ್ ದೋಣಿ, ಹಿನ್ನೀರಿನಲ್ಲಿ ಉಪ್ಪಿನಕುದ್ರು ಕಡೆಗೆಲ್ಲ ಜನರನ್ನು ಸುತ್ತಾಡಿಸಿ ತರುವುದು. ಮಳೆಗಾಲದಲ್ಲಿ ಅದನ್ನೂ ದಡಕ್ಕೆ ಎಳೆದು ಟಾರ್ಪಾಲ್ ಹೊದಿಸಿ ಇಡುತ್ತೇವೆ.

"ಈ ಸಲ ಆ ಡೀಸೆಲ್ ಮೀಟರ್ ಸರಿ ಮಾಡ್ದೆ ದೋಣಿ ನೀರಿಗ್ ಇಳ್ಸುದಿಲ್ಲ" ಅಂತ ಭಾವನ ಫೋನ್ ಬಂದಿತ್ತು. ನಾನು ಯುಪಿಎಸ್ ರಿಪೇರಿ ಮಾಡುವವನು. ವೈರು, ಬ್ಯಾಟರಿ ಅಂದರೆ ಮನೆಯವರಿಗೆಲ್ಲ ನಾನೇ ನೆನಪಾಗುವುದು.

ಭಾವನಿಗೆ ಇಷ್ಟು ಸಿಟ್ಟು ಬರಲು ಕಾರಣ ಮಾರ್ಚಿನ ಆ ಸಂಜೆ. ಎಂಟು ಜನ ದೋಣಿಯಲ್ಲಿದ್ದರು, ಮೀಟರಿನ ಮುಳ್ಳು 'ಎಫ್' (ಫುಲ್) ಹತ್ತಿರ ಆರಾಮಾಗಿ ಕೂತಿತ್ತು, ಎಂಜಿನ್ ಎರಡು ಸಲ ಕೆಮ್ಮಿ ನಿಂತೇ ಹೋಯಿತು. ಟ್ಯಾಂಕು ಖಾಲಿ! ನೀರು ಇಳಿತದ ಹೊತ್ತು ಬೇರೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ನದಿಗಳ ನೀರು ಇಲ್ಲಿ ಒಂದೇ ಅಳಿವೆಯಿಂದ ಸಮುದ್ರಕ್ಕೆ ಹೋಗುತ್ತದೆ. ಇಳಿತದಲ್ಲಿ ಆ ಸೆಳೆತ ಹೇಗಿರುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಭಾವ ಕೂಡಲೇ ಲಂಗರು ಹಾಕಿದ್ದಕ್ಕೆ ಬಚಾವು. ಇನ್ನೊಂದು ದೋಣಿಯವರು ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಡೀಸೆಲ್ ಎಂಜಿನ್ ಒಮ್ಮೆ ಗಾಳಿ ಎಳೆದುಕೊಂಡರೆ ಸುಮ್ನೆ ಡೀಸೆಲ್ ಸುರಿದ ಮಾತ್ರಕ್ಕೆ ಶುರುವಾಗುವುದಿಲ್ಲ, ಪೈಪಿನ ಏರ್ ತೆಗೆಯುತ್ತ ಮತ್ತೆ ಅರ್ಧ ದಿನ ಹೋಯಿತು.

ಆ ದಿನ ದೋಣಿ ನಡೆಸುವ ತಾಂಡೇಲಜ್ಜ ದೋಣಿಯಲ್ಲಿರಲಿಲ್ಲ, ಯಾರದೋ ಮದುವೆಗೆ ಹೋಗಿದ್ದರು. ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಅವರ ಹತ್ತಿರ ಒಂದು ಬೆತ್ತದ ಕೋಲಿದೆ, ಚಾಕುವಿನಿಂದ ಲೀಟರಿನ ಗೀಟು ಕೊರೆದದ್ದು. ಟ್ಯಾಂಕಿನ ಬಾಯಿಯಲ್ಲಿ ಅದನ್ನು ಇಳಿಸಿ ನೋಡದೆ ಅವರು ಎಂಜಿನ್ ಮುಟ್ಟುವವರಲ್ಲ.

ಇವತ್ತು ನಾನು ಹೋದಾಗಲೂ ಅಜ್ಜ ಟಾರ್ಪಾಲಿನ ಅಡಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಪೆಟ್ಟಿಗೆ ಬಿಚ್ಚುವ ಮೊದಲೇ ಒಂದು ಮಾತು. "ಮೊದ್ಲ್ ದೋಣಿ ಸಮ ಮಾಡ್ ಮಾಣಿ, ಮೂಗ್ ಎತ್ತಿತ್ತ್ ಕಾಣ್." ನನಗೆ ಹೊಳೆದೇ ಇರಲಿಲ್ಲ. ಮೂತಿ ಮೇಲಾಗಿದ್ದರೆ ಡೀಸೆಲ್ ಎಲ್ಲ ಹಿಂದಕ್ಕೆ ಬರುತ್ತದೆ, ಆಗ ಟ್ಯಾಂಕಿನೊಳಗಿನ ಫ್ಲೋಟು (ತೇಲುವ ಬೆಂಡು) ತೋರಿಸುವುದೂ ಸುಳ್ಳು, ಕೋಲು ತೋರಿಸುವುದೂ ಸುಳ್ಳು. ಹಿಂದೆ ಎರಡು ಮರದ ತುಂಡು ಕೊಟ್ಟು ದೋಣಿ ಸಮ ಮಾಡಿದೆವು. ಕೋಲು ಹಾಕಿದರೆ 40 ಲೀಟರ್. ನೂರು ಲೀಟರಿನ ಪ್ಲಾಸ್ಟಿಕ್ ಟ್ಯಾಂಕು ಅದು.

ಕೀ ತಿರುಗಿಸಿದೆ. ಮುಳ್ಳು ಅರ್ಧಕ್ಕೆ ಬಂತು, ನಡುಗಿತು, ಧೊಪ್ಪೆಂದು 'ಇ'ಗೆ (ಖಾಲಿಗೆ) ಬಿತ್ತು, ಮತ್ತೆ ಎದ್ದಿತು. ಹುಚ್ಚು ಹಿಡಿದ ಹಾಗೆ.

ಇಂಥ ಮೀಟರಿನ ಒಳಗುಟ್ಟು ದೊಡ್ಡದೇನಲ್ಲ. ಟ್ಯಾಂಕಿನ ಒಳಗೆ ಒಂದು ತೋಳು, ಅದರ ತುದಿಗೆ ತೇಲುವ ಬೆಂಡು. ಡೀಸೆಲ್ ಏರಿದಂತೆ ಬೆಂಡು ಏರುತ್ತದೆ, ತೋಳು ತಿರುಗುತ್ತದೆ, ಅಲ್ಲಿನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಬದಲಾಗುತ್ತದೆ. ಮೀಟರ್ ನೋಡುವುದು ಆ ರೆಸಿಸ್ಟೆನ್ಸನ್ನು ಮಾತ್ರ. ಅದಕ್ಕೆ ಡೀಸೆಲ್ ಅಂದರೇನೆಂದೇ ಗೊತ್ತಿಲ್ಲ. ನಡುವಿನ ವೈರು ಹಾಳಾದರೂ, ತುಕ್ಕು ಹಿಡಿದರೂ, ಅದು ಡೀಸೆಲ್ಲೇ ಏರಿತೋ ಇಳಿಯಿತೋ ಅಂದುಕೊಳ್ಳುತ್ತದೆ.

ಮೀಟರಿನ ಬೆನ್ನಿಗೆ ಮೂರು ಕಡ್ಡಿ. ಐ ಅಂದರೆ ಕೀಯಿಂದ ಬರುವ 12 ವೋಲ್ಟು, ಎಸ್ ಅಂದರೆ ಫ್ಲೋಟಿನಿಂದ ಬರುವ ವೈರು, ಜಿ ಅಂದರೆ ಅರ್ಥ್. ಮೊದಲು ಕರೆಂಟು ನೋಡಿದೆ. ಬ್ಯಾಟರಿಯಲ್ಲಿ 12.6, ಮೀಟರಿನ ಐ ಮತ್ತು ಜಿ ನಡುವೆ 12.4. ಅಡ್ಡಿಯಿಲ್ಲ. ಆಮೇಲೆ ಎಸ್ ವೈರು ಬಿಚ್ಚಿದೆ, ಮುಳ್ಳು ಸೀದಾ ಖಾಲಿಗೆ ಮಲಗಿತು. ಒಂದು ತುಂಡು ವೈರಿನಿಂದ ಎಸ್ ಮತ್ತು ಜಿ ಎರಡನ್ನೂ ಸೇರಿಸಿದೆ, ಮುಳ್ಳು ಸೀದಾ ಎಫ್‌ಗೆ ಏರಿತು. ಅಂದರೆ ಮೀಟರಿಗೆ ಜೀವ ಇದೆ. ಈ ಒಂದು ನಿಮಿಷದ ಕೆಲಸ ಮಾಡಿ ನೋಡದೆ ಹೋದ ವರ್ಷ ಒಬ್ಬ ಮೆಕ್ಯಾನಿಕ್ "ಮೀಟರ್ ಹೋಗಿದೆ" ಎಂದು ಹೊಸದು ಹಾಕಿ ದುಡ್ಡು ತೆಗೆದುಕೊಂಡು ಹೋಗಿದ್ದ. ಯಾರೆಂದು ಬರೆಯುವುದಿಲ್ಲ, ಊರು ಸಣ್ಣದು.

ಕೀ ಆಫ್ ಮಾಡಿ (ಕರೆಂಟು ಇರುವಾಗ ಓಮ್, ಅಂದರೆ ರೆಸಿಸ್ಟೆನ್ಸ್, ಅಳೆಯಬಾರದು) ಬಿಚ್ಚಿದ ಎಸ್ ವೈರಿಗೂ ಅರ್ಥಿಗೂ ಮಲ್ಟಿಮೀಟರ್ ಹಿಡಿದೆ. 92 ಓಮ್ ಬಂತು, ಮಾಯವಾಯಿತು, 140, ಮಾಯ, 93. ನಂತರ ಹಿಂದಿನ ಸೀಟು ಎತ್ತಿ ಫ್ಲೋಟಿನ ತಲೆಗೇ ಹಿಡಿದೆ. 92, ಕದಲಲೇ ಇಲ್ಲ. ಹಾಗಾದರೆ ಫ್ಲೋಟೂ ಸರಿ ಇದೆ, ಮೀಟರೂ ಸರಿ ಇದೆ, ರೋಗ ದಾರಿಯಲ್ಲಿದೆ. ಎಸ್ ವೈರಿನ ಎರಡೂ ತುದಿ ನೋಡಿದೆ, ಅರ್ಧ ಓಮೂ ಇಲ್ಲ. ಉಳಿದದ್ದು ಫ್ಲೋಟಿನಿಂದ ಅರ್ಥಿಗೆ ಹೋಗುವ ಕರಿ ವೈರು.

ಕಬ್ಬಿಣದ ಟ್ಯಾಂಕಾಗಿದ್ದರೆ ಮೈಯಿಂದಲೇ ಸ್ವಲ್ಪ ಅರ್ಥ್ ಸಿಗುತ್ತಿತ್ತೇನೋ. ಪ್ಲಾಸ್ಟಿಕ್ ಟ್ಯಾಂಕಿಗೆ ಆ ಒಂದು ಕರಿ ವೈರೇ ಗತಿ. ಅದರ ಮೇಲೆ ಯಾರೋ ಇನ್ಸುಲೇಷನ್ ಟೇಪನ್ನು ಮಗುವಿಗೆ ಬಟ್ಟೆ ಸುತ್ತಿದ ಹಾಗೆ ಸುತ್ತಿಟ್ಟಿದ್ದರು. ಟೇಪು ಬಿಚ್ಚಿದರೆ ಒಳಗೆ ಉಪ್ಪುನೀರು. ವೈರಿನ ತುದಿಯ ಲಗ್ಗು (ಲೋಹದ ಕೊಂಡಿ) ಪೂರ್ತಿ ಹಸಿರು ಪುಡಿ, ಬೆರಳಲ್ಲಿ ಎಳೆದರೆ ಕೈಗೇ ಬಂತು. ವೈರನ್ನು ಹಿಂದೆ ಹಿಂದೆ ಕತ್ತರಿಸುತ್ತ ಹೋದೆ, ಗೇಣುದ್ದದವರೆಗೂ ಒಳಗಿನ ತಾಮ್ರ ಕಪ್ಪಾಗಿತ್ತು. ಟೇಪು ನೀರು ತಡೆಯುತ್ತದೆ ಎಂದು ಎಲ್ಲರೂ ನಂಬುತ್ತಾರೆ. ನನ್ನ ಅನುಭವದಲ್ಲಿ ಅದು ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳುವುದೇ ಜಾಸ್ತಿ.

ಉಳಿದ ತುಂಡು ಬೇಡವೆಂದು ತವರ ಲೇಪಿಸಿದ ಹೊಸ ವೈರನ್ನು ಫ್ಲೋಟಿನಿಂದ ಅರ್ಥ್ ಪಟ್ಟಿಯವರೆಗೂ ಎಳೆದೆ. ಹೊಸ ಲಗ್ಗು ಒತ್ತಿ, ಅದರ ಮೇಲೆ ಒಳಗಡೆ ಅಂಟಿರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಕಾಯಿಸಿದೆ. ಕೀ ತಿರುಗಿಸಿದರೆ ಮುಳ್ಳು ಅರ್ಧದಲ್ಲಿ ಗಟ್ಟಿಯಾಗಿ ನಿಂತಿತು. ದೋಣಿಯ ಪಕ್ಕಕ್ಕೆ ಗುದ್ದಿದರೂ ಅಲುಗಲಿಲ್ಲ. ನಾನು ಸಾಮಾನು ಕಟ್ಟಲು ಶುರು ಮಾಡಿದೆ.

"ಒಂದ್ ಕ್ಯಾನ್ ಹಾಕಿ ಕಾಂಬ" ಅಂದರು ಭಾವ. ಇಪ್ಪತ್ತು ಲೀಟರಿನ ಕ್ಯಾನು ಸುರಿದರು. ಮುಳ್ಳು ನಿಧಾನವಾಗಿ ಕೆಳಗೆ ಇಳಿಯಿತು.

ಯಾರೂ ಮಾತಾಡಲಿಲ್ಲ. ಇನ್ನೊಂದು ಕ್ಯಾನು ಸುರಿದರು. ಮುಳ್ಳು ಕಾಲು ಭಾಗದ ಗುರುತಿನ ಹತ್ತಿರ ಹೋಯಿತು. ಅಜ್ಜ ಎಲೆ ಅಡಿಕೆ ಉಗಿದು ಬಂದು ನಗತೊಡಗಿದರು. "ಎಂತ ಮಾರಾಯ ಇದ್, ಡೀಸೆಲ್ ಹಾಕ್ರೆ ಕಮ್ಮಿ ಆತ್ತಲೆ! ಹಾಂಗಾರೆ ದೋಣಿ ಓಡ್ಸ್ರೆ ಜಾಸ್ತಿ ಆತ್ತ್, ಪಂಪಿಗ್ ಹೋಪುದೇ ಬ್ಯಾಡ."

ಅಜ್ಜನ ಆ ತಮಾಷೆಯಲ್ಲೇ ಉತ್ತರ ಇತ್ತು, ನನಗೆ ತಲೆಗೆ ಹೋಗಲು ಹತ್ತು ನಿಮಿಷ ಹಿಡಿಯಿತು. ಮುಳ್ಳು ಈಗ ಕೆಟ್ಟು ಕುಣಿಯುತ್ತಿಲ್ಲ, ಸರಿಯಾಗಿ ಉಲ್ಟಾ ತೋರಿಸುತ್ತಿದೆ. ಮೀಟರನ್ನು ಹೊರಗೆ ಎಳೆದು ಬೆನ್ನಿಗೆ ಟಾರ್ಚ್ ಹಿಡಿದರೆ ಸಣ್ಣ ಅಕ್ಷರದಲ್ಲಿ 240–33 ಎಂದಿತ್ತು. ಅಮೆರಿಕದ ಪದ್ಧತಿ, ಖಾಲಿಗೆ 240 ಓಮ್, ತುಂಬಿದರೆ 33. ಟ್ಯಾಂಕಿನಲ್ಲಿರುವ ಫ್ಲೋಟು ಯುರೋಪಿನದು ಇರಬೇಕು, ಅದರಲ್ಲಿ ಖಾಲಿಗೆ ಸುಮಾರು 10, ತುಂಬಿದರೆ 180. ಒಂದು ಏರುವಾಗ ಇನ್ನೊಂದಕ್ಕೆ ಇಳಿದ ಹಾಗೆ ಕಾಣುತ್ತದೆ. ಅತ್ತೆ ಹೇಳಿದ್ದಕ್ಕೆಲ್ಲ ಸೊಸೆ ಉಲ್ಟಾ ಅರ್ಥ ಮಾಡಿಕೊಂಡ ಹಾಗೆ. ಇದರಲ್ಲಿ ಮೋಸ ಏನೆಂದರೆ, ಟ್ಯಾಂಕಿನ ಅರ್ಧ ಎತ್ತರದ ಆಸುಪಾಸಿನಲ್ಲಿ ಎರಡೂ ಪದ್ಧತಿಯಲ್ಲಿ ಹೆಚ್ಚು ಕಮ್ಮಿ ನೂರು ಓಮಿನ ಹತ್ತಿರವೇ ಇರುವುದರಿಂದ ಅಲ್ಲಿ ಮಾತ್ರ ಮೀಟರ್ ಸರಿಯಾಗಿಯೇ ತೋರಿಸುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಫ್ಲೋಟನ್ನೇ ತೆಗೆದೆ. ಬ್ಯಾಟರಿಯ ವೈರು ಕಳಚಿ, ಐದು ಸ್ಕ್ರೂ ಬಿಚ್ಚಿ. ಐದು ತೂತುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ, ಹಾಗಾಗಿ ಫ್ಲೋಟು ಒಂದೇ ದಿಕ್ಕಿಗೆ ಕೂರುತ್ತದೆ, ತಪ್ಪಿ ಕೂರಿಸಲು ಆಗುವುದಿಲ್ಲ. ತೋಳು ಕೆಳಗಿದ್ದಾಗ 11 ಓಮ್, ಮೇಲೆತ್ತಿದರೆ 178. ಸಂಶಯವೇ ಇಲ್ಲ. ನಿಜ ಹೇಳಬೇಕೆಂದರೆ ತೆಗೆಯುವ ಅಗತ್ಯ ಇರಲಿಲ್ಲ, ಎರಡು ಕ್ಯಾನು ಸುರಿದಾಗ 92 ಇದ್ದದ್ದು 150 ಆದದ್ದೇ ಸಾಕಿತ್ತು. ಚಪಲ. ಅದರಿಂದ ಕಾರ್ಕಿನ ಪ್ಯಾಕಿಂಗು ಎರಡು ತುಂಡಾಯಿತು, ಭಾವನಿಗೆ ಅದರ ಖರ್ಚು ಜಾಸ್ತಿ.

ಒಂದು ಮಾತು. ನಮ್ಮದು ಡೀಸೆಲ್ ಆದ್ದರಿಂದ ಇಷ್ಟು ಧೈರ್ಯ. ಪೆಟ್ರೋಲ್ ದೋಣಿಯಾಗಿದ್ದರೆ ನಾನು ಕೈಹಾಕುತ್ತಿರಲಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಹೊರಗೆ ಹೋಗದೆ ದೋಣಿಯ ತಳದಲ್ಲೇ ಕೂರುತ್ತದೆ, ವೈರಿನ ಒಂದು ಕಿಡಿ ಸಾಕು.

ಮಧ್ಯಾಹ್ನ ಊಟಕ್ಕೆ ಕೂತಾಗ ಹಳೆಯ ಕಥೆ ಪೂರ್ತಿ ಬಿಡಿಸಿಕೊಂಡಿತು. ಮೊದಲಿನ ಮೀಟರ್ ಯಾವಾಗಲೂ ಫುಲ್ ತೋರಿಸುತ್ತಿತ್ತಂತೆ. ಅದು ಯುರೋಪಿನದೇ ಇದ್ದಿರಬೇಕು, ಅದರಲ್ಲಿ ವೈರು ಕಡಿದರೆ ಮುಳ್ಳು ಫುಲ್ಲಿಗೆ ಹೋಗುತ್ತದೆ. ಅಂದರೆ ಆಗಲೇ ಈ ಕರಿ ವೈರು ಸತ್ತಿತ್ತು! ಮೆಕ್ಯಾನಿಕ್ ಸರಿ ಇದ್ದ ಮೀಟರನ್ನು ಕಿತ್ತು ಬೇರೆ ಜಾತಿಯದನ್ನು ಹಾಕಿದ, ವೈರಿಗೆ ಟೇಪು ಸುತ್ತಿದ. ವೈರು ತಾಗಿದಾಗ ಉಲ್ಟಾ, ತಾಗದಿದ್ದಾಗ ಖಾಲಿ. ಮಾರ್ಚಿನ ಆ ಸಂಜೆ ಅದು ಚೆನ್ನಾಗಿಯೇ ತಾಗಿತ್ತು.

"ಹಳೇ ಮೀಟರ್ ಎಲ್ಲಿತ್ತ್?" ಅಂತ ಕೇಳಿದೆ. ಭಾವ ಅಕ್ಕನ ಮುಖ ನೋಡಿದರು. ಗುಜರಿಯವನಿಗೆ ಹೋಗಿತ್ತು.

ಫ್ಲೋಟು ಬದಲಿಸುವುದೋ ಮೀಟರೋ ಎಂದು ಸ್ವಲ್ಪ ಚರ್ಚೆ ಆಯಿತು. ಫ್ಲೋಟು ಸರಿ ಇದೆ, ತೋಳಿನ ಉದ್ದ ಟ್ಯಾಂಕಿನ ಆಳಕ್ಕೆ ಹೊಂದಿದೆ, ಅದನ್ನು ಮುಟ್ಟುವುದು ಬೇಡ ಎಂದೆ. 10–180ರ ಮೀಟರ್ ತರಿಸುತ್ತಿದ್ದೇವೆ, ಎರಡು ಸಾವಿರ ಚಿಲ್ಲರೆ.

2024 ಜೂನ್ 23, ಭಾನುವಾರ

ಮೀಟರ್ ಶುಕ್ರವಾರವೇ ಬಂದಿತ್ತು. ಹಾಕಲು ಹತ್ತು ನಿಮಿಷ. ಈ ಸಲ ಎಸ್ ವೈರು ಬಿಚ್ಚಿದರೆ ಮುಳ್ಳು ಎಫ್‌ಗೆ ಹೋಯಿತು, ಅರ್ಥಿಗೆ ಹಿಡಿದರೆ ಇ. ಜಾತಿ ಕೂಡಿತು.

ಆಮೇಲಿನ ಕೆಲಸಕ್ಕೆ ಮೂರು ತಾಸು ಹಿಡಿಯಿತು, ಅದೂ ಅಜ್ಜನ ಹಠಕ್ಕೆ. ಟ್ಯಾಂಕನ್ನು ಕ್ಯಾನುಗಳಿಗೆ ಪೂರ್ತಿ ಖಾಲಿ ಮಾಡಿ, ಹತ್ತು ಹತ್ತು ಲೀಟರ್ ಅಳೆದು ಸುರಿಯುತ್ತ, ಪ್ರತಿ ಸಲ ಕೋಲನ್ನೂ ಮುಳ್ಳನ್ನೂ ನೋಡಿ ಬರೆದುಕೊಂಡೆವು. ನಮ್ಮ ಟ್ಯಾಂಕು ದೋಣಿಯ ತಳದ ಆಕಾರಕ್ಕೆ ಕೆಳಗೆ ಕಿರಿದು, ಮೇಲೆ ಅಗಲ. ಅಜ್ಜನ ಕೋಲಿನ ಗೀಟುಗಳೂ ಕೆಳಗೆ ದೂರ ದೂರ, ಮೇಲೆ ಹತ್ತಿರ ಹತ್ತಿರ ಇವೆ, ಇಷ್ಟು ದಿನ ನಾನು ಅದನ್ನು ಕೈ ತಪ್ಪಿ ಕೊರೆದದ್ದು ಅಂದುಕೊಂಡಿದ್ದೆ. ಮುಳ್ಳಿಗೆ ಗೊತ್ತಾಗುವುದು ಎತ್ತರ ಮಾತ್ರ. ಅದು ಅರ್ಧ ಅಂದಾಗ ಒಳಗಿರುವುದು 40 ಲೀಟರ್, ಕಾಲು ಅಂದಾಗ 17. ಅದರಲ್ಲೂ ಹೀರುವ ಕೊಳವೆ ತಳ ಮುಟ್ಟುವುದಿಲ್ಲ, ಕೊನೆಯ ಐದು ಲೀಟರ್ ಇದ್ದೂ ಇಲ್ಲದ ಹಾಗೆ. ಭಾವ ಮೀಟರಿನ ಗಾಜಿನ ಮೇಲೆ ಕಾಲರ ಹತ್ತಿರ ಅಕ್ಕನ ಕೆಂಪು ನೇಲ್ ಪಾಲಿಶಿನಿಂದ ಗೆರೆ ಎಳೆದರು. ಅಕ್ಕನಿಗೆ ಇನ್ನೂ ಗೊತ್ತಿಲ್ಲ.

ಹೊರಡುವಾಗ ದೋಣಿಯ ತಳದ ನೀರು ಹೊರಹಾಕುವ ಬಿಲ್ಜ್ ಪಂಪಿನ ಸ್ವಿಚ್ ಒತ್ತಿ ನೋಡಿದೆ. ಒಮ್ಮೆ ಗುರ್ ಎಂದು ಸುಮ್ಮನಾಯಿತು. ಬಗ್ಗಿ ನೋಡಿದರೆ ಅದರ ಕರಿ ವೈರಿಗೂ ಅದೇ ಟೇಪು ಸುತ್ತಿದೆ. ಬರುವ ಭಾನುವಾರ.