ನಮ್ಮ ಕಣದ ಮೆಣಸು, ಬೆಂಗಳೂರಿನ ಅಡ್ವಾನ್ಸು

ಈ ಸಲ ಮೆಣಸು ಮಾರಿದ ದುಡ್ಡು ನಮ್ಮ ಮನೆಯಲ್ಲಿ ಒಂದು ವಾರವೂ ನಿಲ್ಲಲಿಲ್ಲ. ಬೆಂಗಳೂರಿನ ಮನೆ ಓನರ್ ಒಬ್ಬರ ಖಾತೆಗೆ ಹೋಯಿತು. ಅವರ ಮುಖ ಕೂಡ ನಾನು ನೋಡಿಲ್ಲ.

ನಮ್ಮದು ಕೊಡಗಿನ ಮೂರ್ನಾಡಿನ ಹತ್ತಿರ ಮೂರು ಎಕರೆ ರೊಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಮಗಳು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಕೈಗೆ ಬರುವುದು 31,000. ಮೊದಲು ಪಿಜಿಯಲ್ಲಿದ್ದಳು, ಒಂದು ರೂಮಿಗೆ ಮೂವರು. ಇವಳು ನೈಟ್ ಡ್ಯೂಟಿ ಮುಗಿಸಿ ಬಂದು ಮಲಗುವ ಹೊತ್ತಿಗೆ ಉಳಿದಿಬ್ಬರು ಎದ್ದು, ಲೈಟ್ ಹಾಕಿ, ಹೇರ್ ಡ್ರೈಯರ್ ಹಿಡಿಯುತ್ತಿದ್ದರು. ಕೊನೆಗೆ ಜೊತೆಗೆ ಕೆಲಸ ಮಾಡುವ ಹಾಸನದ ಹುಡುಗಿಯನ್ನು ಸೇರಿಸಿಕೊಂಡು ಒಂದು ಬೆಡ್‌ರೂಮಿನ ಮನೆ ಹಿಡಿದಳು. ಬಾಡಿಗೆ 22,000. ಅಡ್ವಾನ್ಸ್ ಹತ್ತು ತಿಂಗಳದ್ದು. ಚೌಕಾಸಿ ಮಾಡಿ ಎರಡು ಲಕ್ಷಕ್ಕೆ ಇಳಿಸಿದರು. ಅರ್ಧ ನಮ್ಮ ಮೆಣಸು, ಇನ್ನರ್ಧಕ್ಕೆ ಆ ಹುಡುಗಿಯ ಅಮ್ಮ ಬಳೆ ಅಡವಿಟ್ಟರು.

ಆ ದುಡ್ಡಿಗೆ ಬಡ್ಡಿ ಇಲ್ಲ. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಗೋಡೆ ಹೇಗಿದ್ದರೂ ಅಷ್ಟೆ, ಅಗ್ರಿಮೆಂಟಿನಲ್ಲೇ ಬರೆದಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳಬಾರದು ಅಂತಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮದಾಗಿ ಜಾರಿ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇದನ್ನೆಲ್ಲ ಬೆಂಗಳೂರಿನವರ ಕಷ್ಟ ಅಂತ ಮಾತಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆಸ್ಪತ್ರೆ ಕೊಡುವ ಸಂಬಳದಲ್ಲಿ ಅವಳು ಅಲ್ಲಿ ಬದುಕಿ ನಾಲ್ಕು ಕಾಸು ಉಳಿಸುವುದು ಆಗದ ಮಾತು. ಹಾಗಿದ್ದೂ ಬದುಕುತ್ತಿದ್ದಾಳೆ ಅಂದರೆ ಕೊರತೆ ತುಂಬುತ್ತಿರುವವರು ನಾವು. ಅಕ್ಕಿ, ಕಾಫಿಪುಡಿ, ಉಪ್ಪಿನಕಾಯಿ ಇಲ್ಲಿಂದಲೇ ಬಸ್ಸಿಗೆ ಹತ್ತುತ್ತದೆ. 2025ರ ಶುರುವಿನಲ್ಲಿ ಕಾಫಿಗೆ ಹಿಂದೆಂದೂ ಕಾಣದ ರೇಟು ಬಂದಾಗ, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಇರಲಿ ಅಂತ ಸ್ಪ್ರಿಂಕ್ಲರ್ ಸೆಟ್ ತೆಗೆದುಕೊಳ್ಳುವ ಯೋಚನೆ ಇತ್ತು. ಕಾಫಿ ದುಡ್ಡು ಹಳೇ ಸಾಲಕ್ಕೆ ಹೋಯಿತು. ಮೆಣಸಿನ ದುಡ್ಡಲ್ಲಾದರೂ ತರೋಣ ಅಂತಿದ್ದೆವು. ಅದು ಅಡ್ವಾನ್ಸ್ ಆಯಿತು. ಮೂರು ಎಕರೆಯ ತೋಟ ಅಷ್ಟು ದೊಡ್ಡ ಆಸ್ಪತ್ರೆಯ ಸಂಬಳದ ಖರ್ಚು ಹೊರುತ್ತಿದೆ, ನೋಡಿ!

"ಸ್ವಲ್ಪ ದೂರದಲ್ಲಿ ಮನೆ ನೋಡು ಮಗಾ" ಅಂದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ 2025ರ ಆಗಸ್ಟ್‌ನಲ್ಲಿ ಶುರುವಾಯಿತಲ್ಲ, ಆ ಕಡೆ ಸಿಗಬಹುದೇನೋ ಅಂತ.

"ಅಮ್ಮಾ, ಅಲ್ಲಿ ಬ್ರೋಕರ್ ಮೊದಲು ಹೇಳೋದೇ ಸ್ಟೇಷನ್‌ಗೆ ಎಷ್ಟು ನಿಮಿಷ ಅಂತ. ಆಮೇಲೆ ಬಾಡಿಗೆ ಹೇಳ್ತಾನೆ" ಅಂದಳು.

ಜನರಿಗೆ ಅಂತ ಸಾರ್ವಜನಿಕರ ದುಡ್ಡಲ್ಲಿ ಹಳಿ ಹಾಕುವುದು, ಅದರ ಲಾಭ ಪಕ್ಕದಲ್ಲಿ ಕಟ್ಟಡ ಇದ್ದವರಿಗೆ. ಇನ್ನೂ ದೂರ ಹೋದರೆ ಬಾಡಿಗೆಯಲ್ಲಿ ಉಳಿಸಿದ್ದು ರಾತ್ರಿ ಪಾಳಿಯ ಆಟೋಗೆ ಹೋಗುತ್ತದೆ.

ನಮ್ಮ ಕೊಡಗಿನಲ್ಲಿ ತೋಟ ಮಾಡಿಸಿದ ಬ್ರಿಟಿಷರು ಧರ್ಮಾತ್ಮರೇನಲ್ಲ. ಆದರೆ ಆಳು ಬೇಕಾದರೆ ತೋಟದಲ್ಲೇ ಅವರಿಗೆ ಸಾಲು ಮನೆ, ಅಂದರೆ ಲೈನ್ ಮನೆ, ಕಟ್ಟಬೇಕು ಅನ್ನುವುದು ಅವರಿಗೂ ಗೊತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ 1951ರ ತೋಟ ಕಾರ್ಮಿಕರ ಕಾಯ್ದೆ, ಕಾರ್ಮಿಕರಿಗೆ ಮನೆ ಕೊಡುವುದು ಮಾಲೀಕರ ಜವಾಬ್ದಾರಿ ಅಂತ ಬರೆದಿಟ್ಟಿತು. ಹಾಗಂತ ಲೈನ್ ಮನೆಯನ್ನು ಹೊಗಳುತ್ತಿಲ್ಲ. ಕೆಲಸ ಹೋದರೆ ಮನೆಯೂ ಹೋಯಿತು. ಅದಕ್ಕೇ ತುಂಬಾ ಜನ ಆದಿವಾಸಿಗಳು ಲೈನ್ ಮನೆ ಬಿಟ್ಟು ಇಲ್ಲೇ ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದು. 2016ರ ಡಿಸೆಂಬರ್‌ನಲ್ಲಿ ಆ ಗುಡಿಸಲುಗಳನ್ನು ಕೆಡವಿದರು. ದೊಡ್ಡ ಹೋರಾಟ ಆದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟ ಕಡೆ ಮನೆ ಸಿಕ್ಕಿತು. ಮಾಲೀಕನ ಹಂಗಿನ ಮನೆ ಬೇಡ ಅಂತ ಅವರು ಹೊರಬಂದಿದ್ದು ಸರಿ. ಆದರೆ ಬೆಂಗಳೂರು ಏನು ಮಾಡಿದೆ? ಲ್ಯಾಬಿಗೆ, ಬಸ್ಸಿಗೆ, ಕಸ ಗುಡಿಸಲಿಕ್ಕೆ ಆಳು ಬೇಕು ಅನ್ನುತ್ತದೆ. ಅವರು ಎಲ್ಲಿ ಮಲಗುತ್ತಾರೆ ಅನ್ನುವುದು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ. ಸರ್ಕಾರವೇ ಬಾಡಿಗೆ ಮನೆ ಕಟ್ಟಿ, ಸಂಬಳ ನೋಡಿ ಕೊಡಲಿ. ಅದಕ್ಕೆ ಕಾಲ ಹಿಡಿಯುತ್ತದೆ, ಗೊತ್ತು. ಅಡ್ವಾನ್ಸ್ ಎರಡು ತಿಂಗಳಿಗೆ ಇಳಿಸಲಿಕ್ಕೆ ಸಿಮೆಂಟೂ ಬೇಡ, ಜಾಗವೂ ಬೇಡ.

ಮಡಿಕೇರಿಯೂ ಅದೇ ದಾರಿ ಹಿಡಿದಿದೆ. ಬಾಡಿಗೆಗೆ ಇದ್ದ ಮನೆಗಳು ಒಂದೊಂದಾಗಿ ಹೋಂಸ್ಟೇ ಆಗುತ್ತಿವೆ. ವಾರದ ಕೊನೆಯ ಎರಡು ರಾತ್ರಿಗೆ ಸಿಗುವ ದುಡ್ಡು ಬಿಟ್ಟು ಟೀಚರಿಗೆ ತಿಂಗಳ ಬಾಡಿಗೆಗೆ ಯಾರು ಕೊಡುತ್ತಾರೆ? ನನ್ನ ತಂಗಿ ಮಡಿಕೇರಿಯಲ್ಲಿ ಪಾಠ ಮಾಡುತ್ತಾಳೆ, ಮನೆ ಮಾಡಿರುವುದು ಕುಶಾಲನಗರದಲ್ಲಿ. ಮಳೆಗಾಲದಲ್ಲಿ ದಿನಾ ಘಾಟಿ ಹತ್ತಿ ಇಳಿಯುವುದು ಸುಮ್ನೆ ಅಲ್ಲ.

ಹಾಸನದ ಹುಡುಗಿ ಈಗ ಮೈಸೂರಿನಲ್ಲಿ ಕೆಲಸ ಹುಡುಕಿಕೊಂಡಿದ್ದಾಳೆ. ಸಂಬಳ ಆರು ಸಾವಿರ ಕಡಿಮೆ. ಬಾಡಿಗೆ ಕಳೆದು ನೋಡಿದರೆ ಕೈಯಲ್ಲಿ ಉಳಿಯುವುದು ಅಲ್ಲೇ ಜಾಸ್ತಿಯಂತೆ. ಆಸ್ಪತ್ರೆಯವರು ಅವಳ ಜಾಗಕ್ಕೆ ಹೊಸಬರನ್ನು ತಂದು ಮೊದಲಿಂದ ಕಲಿಸಬೇಕು. ನನ್ನ ಮಗಳು ಬಾಡಿಗೆ ಹಂಚಿಕೊಳ್ಳಲು ಇನ್ನೊಬ್ಬಳನ್ನು ಹುಡುಕುತ್ತಿದ್ದಾಳೆ. ಒಂದು ಲಕ್ಷ ಅಡ್ವಾನ್ಸ್ ಕೊಡಬಲ್ಲ ಹುಡುಗಿಯೇ ಆಗಬೇಕು.